ಕೊಳ ಮತ್ತು ಒರಳುಕಲ್ಲು

ಮಹಾಲಕ್ಷ್ಮಿ ಲೇಔಟಿನ ಪ್ರಸನ್ನ ವೀರಾಂಜನೇಯ ಗುಡಿಯ ಗುಡ್ಡದಿಂದ ಕುರುಬರಹಳ್ಳಿ ಕಡೆಗೆ ಇಳಿಯುವ ಅಡ್ಡರಸ್ತೆಗಳಲ್ಲಿ ಮೂವತ್ತು-ನಲವತ್ತರ ಸೈಟುಗಳೇ ಹೆಚ್ಚು. ಮನೆ ಕಟ್ಟಿ ಮಿಕ್ಕ ಜಾಗದಲ್ಲಿ ಬಟ್ಟೆ ಒಣಗಿಸುವ ತಂತಿ, ಒಂದು ಕರಿಬೇವಿನ ಗಿಡ ಹಿಡಿಸಿದರೆ ಪುಣ್ಯ. ಅಂಥದ್ದೊಂದು ಹಿತ್ತಿಲಲ್ಲಿ ಎಂಟಡಿ ಉದ್ದ, ನಾಲ್ಕಡಿ ಅಗಲದ ಕೊಳವಿದೆ. ಸುತ್ತ ಚಪ್ಪಡಿ ಕಲ್ಲು, ನಡುವೆ ನೈದಿಲೆ, ನೀರೊಳಗೆ ಮೀನು. ಕೊಳ ಮಾಡಿಸಿದಾಕೆಗೆ ನಲವತ್ತರ ಆಸುಪಾಸು. ಪಕ್ಕದ ಮನೆಯ ಹಿರಿಯರು ಆರೋಗ್ಯ ಇಲಾಖೆಯ ಮಲೇರಿಯಾ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ಜೂನ್ ಕೊನೆಯ ಒಂದು ಭಾನುವಾರ ಬೆಳಿಗ್ಗೆ, ಲಾರ್ವಾ ಸಮೀಕ್ಷೆಯವರು ಬಂದುಹೋದ ಮಾರನೆಯ ದಿನ, ಆ ಕೊಳದ ದಂಡೆಯ ಮೇಲೆ ನಡೆದ ಮಾತು ಇದು.

ಹಿರಿಯರು: ನಿನ್ನೆ ಆಶಾದವರು ನಿಮ್ಮನೆಗೂ ಬಂದಿದ್ರೇನಮ್ಮ?

ಮನೆಯಾಕೆ: ಬಂದಿದ್ರು ಅಂಕಲ್. ಸಂಪಿನ ಮುಚ್ಚಳ ತೆಗೆಸಿ ಟಾರ್ಚ್ ಬಿಟ್ಟು ನೋಡಿದ್ರು. ಫ್ರಿಜ್ಜಿನ ಹಿಂದಿನ ಟ್ರೇ ಕೂಡ ಬಿಡಲಿಲ್ಲ. ಕೊಳದ ಹತ್ತಿರ ಬಂದವರೇ, ‘ಮೇಡಂ, ಇದನ್ನ ಮುಚ್ಚಿಸಿಬಿಡಿ’ ಅಂದ್ರು.

ಹಿರಿಯರು: ನಾನಾಗಿದ್ರೂ ಅದನ್ನೇ ಹೇಳ್ತಿದ್ದೆ ಕಣಮ್ಮ. 2024ರ ಸೆಪ್ಟೆಂಬರಿನಲ್ಲಿ ಸರ್ಕಾರ ಡೆಂಗಿಯನ್ನ ಸಾಂಕ್ರಾಮಿಕ ಅಂತ ಘೋಷಿಸಿ ನಿಯಮ ಮಾಡ್ತಲ್ಲ, ನೆನಪಿದೆಯಾ? ನಗರದಲ್ಲಿ ಮನೆಯ ಆವರಣದಲ್ಲಿ ಸೊಳ್ಳೆ ಮರಿ ಸಿಕ್ಕಿದ್ರೆ 400 ರೂಪಾಯಿ ದಂಡ, ಅಂಗಡಿ-ಕಚೇರಿಗೆ 1,000, ಖಾಲಿ ಸೈಟು, ಕಟ್ಟಡದ ಕೆಲಸ ನಡೆಯೋ ಜಾಗಕ್ಕೆ 2,000.

ಮನೆಯಾಕೆ: ಆ ದಂಡ ಸೊಳ್ಳೆ ಮರಿಗೆ, ನೀರಿಗಲ್ಲ. ನನ್ನ ಕೊಳದಲ್ಲಿ ಮರಿ ತೋರಿಸಿ, ಇವತ್ತೇ ಕಟ್ತೀನಿ.

ಹಿರಿಯರು: ಇವತ್ತು ಇಲ್ಲದೆ ಇರಬಹುದು. ಮೊಟ್ಟೆಯಿಂದ ಹಾರೋ ಸೊಳ್ಳೆ ಆಗೋಕೆ ಏಳರಿಂದ ಹತ್ತು ದಿನ ಸಾಕು. ಈ ವಾರ ನೋಡಿದವರು ಮುಂದಿನ ವಾರ ನೋಡದೆ ಹೋದ್ರೆ ಮುಗೀತು.

ಮನೆಯಾಕೆ: ನಾನು ನೋಡದೆ ಇದ್ರೂ ಇದರೊಳಗಿರೋರು ನೋಡ್ತಾರೆ. ಗಪ್ಪಿ ಇದಾವೆ. ಒಂದೊಂದು ಗಪ್ಪಿ ದಿನಕ್ಕೆ ಎಂಬತ್ತರಿಂದ ನೂರು ಮರಿ ತಿನ್ನತ್ತೆ ಅಂತ ನಿಮ್ಮ ಇಲಾಖೆಯ ಕೈಪಿಡಿಯಲ್ಲೇ ಬರೆದಿದೆ. ಏರೋಪ್ಲೇನ್ ಚಿಟ್ಟೆ ಬಂದು ಬಾಲ ಅದ್ದಿ ಮೊಟ್ಟೆ ಇಟ್ಟು ಹೋಗ್ತಾವೆ. ಅವುಗಳ ಮರಿ ತಿಂಗಳುಗಟ್ಟಲೆ ನೀರಲ್ಲೇ ಇದ್ದು ಸೊಳ್ಳೆ ಮರೀನ ಹಿಡಿದು ತಿಂತಾವೆ. ಒಂದೊಂದು ದಿನ ಕಪ್ಪೆಯೂ ಬರತ್ತೆ. ಸೊಳ್ಳೆ ಇಲ್ಲಿ ಬಂದು ಮೊಟ್ಟೆ ಇಟ್ಟರೆ ಅದರ ಸಂತಾನ ಇಲ್ಲೇ ಕೊನೆ. ಕೊಳ ಮುಚ್ಚಿದ್ರೆ ಆ ಸೊಳ್ಳೆ ಎಲ್ಲಿಗೆ ಹೋಗತ್ತೆ ಹೇಳಿ? ಯಾರ ಕಣ್ಣಿಗೂ ಬೀಳದ ಯಾವುದೋ ಡಬ್ಬಕ್ಕೆ.

ಹಿರಿಯರು: ಅಲ್ಲೇ ನಿನ್ನ ಲೆಕ್ಕ ತಪ್ಪಿದ್ದು. ಡೆಂಗಿ ತರೋ ಈಡಿಸ್ ಇಜಿಪ್ಟೈ ಇಂಥ ತೆರೆದ, ಗಿಡ ಬೆಳೆದ ಕೊಳಕ್ಕೆ ಅಷ್ಟಾಗಿ ಬರಲ್ಲ. ಅದಕ್ಕೆ ಬೇಕಾಗಿರೋದು ಸಣ್ಣ ಜಾಗ, ನೆರಳು, ನೆಟ್ಟಗಿರೋ ಗೋಡೆ. ಡ್ರಮ್ಮು, ಟೈರು, ಹೂದಾನಿ, ತೆಂಗಿನ ಚಿಪ್ಪು. ಮೊಟ್ಟೇನೂ ಒಂದೇ ಕಡೆ ಇಡಲ್ಲ. ಇಲ್ಲಿಷ್ಟು, ಅಲ್ಲಿಷ್ಟು ಅಂತ ಹಂಚಿ ಇಡತ್ತೆ. ನಿನ್ನ ಕೊಳ ಅದಕ್ಕೆ ಬಲೆ ಆಗಲ್ಲ.

ಮನೆಯಾಕೆ: ಬಲೆ ಆಗದಿದ್ರೆ ಬೇಡ. ಅದು ಈ ಕೊಳಕ್ಕೆ ಬರೋದೇ ಇಲ್ಲ ಅಂದಮೇಲೆ ಕೊಳ ಯಾಕೆ ಮುಚ್ಚಬೇಕು?

ಹಿರಿಯರು ಉತ್ತರ ಕೊಡುವ ಮೊದಲು ಸ್ವಲ್ಪ ಹೊತ್ತು ಸುಮ್ಮನಿದ್ದರು.

ಹಿರಿಯರು: ಅಷ್ಟಾಗಿ ಬರಲ್ಲ ಅಂದೆ, ಬರೋದೇ ಇಲ್ಲ ಅನ್ನಲಿಲ್ಲ. ಮತ್ತೆ ಈಡಿಸ್ ಒಂದೇನಾ ಸೊಳ್ಳೆ? ನೀರು ಕೊಳೆತ್ರೆ ಕ್ಯೂಲೆಕ್ಸ್ ಬರತ್ತೆ. ತಿಳಿಯಾಗಿದ್ರೆ ಅನಾಫಿಲಿಸ್ ಬರತ್ತೆ. ನೀನು ಹೋದ ವರ್ಷ ತಂದುಬಿಟ್ಟಿದ್ದ ಅಂತರಗಂಗೆ ಎಲ್ಲಿ, ಕಾಣಿಸ್ತಿಲ್ಲ?

ಮನೆಯಾಕೆ: ನೀವೇ ಕಿತ್ತು ಹಾಕಿಸಿದ್ರಲ್ಲ.

ಹಿರಿಯರು: ಸದ್ಯ. ಮ್ಯಾನ್ಸೋನಿಯಾ ಅಂತ ಒಂದು ಸೊಳ್ಳೆ ಇದೆ. ಬೇರೆ ಮರಿಗಳು ಉಸಿರಾಡೋಕೆ ನೀರಿನ ಮೇಲಕ್ಕೆ ಬರಲೇಬೇಕು, ಮೀನಿಗೆ ಸಿಗೋದು ಆಗಲೇ. ಇದರ ಮರಿ ಮೇಲಕ್ಕೇ ಬರಲ್ಲ. ಅಂತರಗಂಗೆಯ ಬೇರಿಗೆ ಕೊಳವೆ ಚುಚ್ಚಿಕೊಂಡು, ಗಿಡದೊಳಗಿನ ಗಾಳೀನೇ ಎಳೆದುಕೊಂಡು ಅಡಿಯಲ್ಲೇ ಕೂತಿರತ್ತೆ. ಕೇರಳದ ಚೇರ್ತಲ ಕಡೆ ಆನೆಕಾಲು ರೋಗ ಹರಡಿದ್ದು ಇದೇ. ನೋಡೋಕೆ ಹಸಿರಾಗಿದೆ ಅಂತ ಎಲ್ಲ ಗಿಡಾನೂ ನೀರಿಗೆ ಬಿಡಬಾರದು.

ಮನೆಯಾಕೆ: ಅದನ್ನ ಒಪ್ಪಿಕೊಂಡೇ ಕಿತ್ತಿದ್ದು. ನನ್ನ ಪ್ರಶ್ನೆ ಬೇರೆ ಅಂಕಲ್. ಬಾವಿಗೆ ಗಪ್ಪಿ ಬಿಡೋದನ್ನ ಊರೂರಿಗೆ ಕಲಿಸಿದವರೇ ನಿಮ್ಮ ಇಲಾಖೆಯವರು. ಕೋಲಾರದ ಕಥೆ ನೀವೇ ಎಷ್ಟು ಸಲ ಹೇಳಿದೀರಿ. ಅಲ್ಲಿ ಸರಿಯಾಗಿದ್ದು ಇಲ್ಲಿ ಹೇಗೆ ತಪ್ಪಾಗತ್ತೆ?

ಹಿರಿಯರು: ಹೇಳ್ತೀನಿ ಕೇಳು. ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರದ ಕಡೆಯ ಹಳ್ಳಿಗಳು. ಡಿಡಿಟಿ ಹೊಡೆದೂ ಹೊಡೆದೂ ಸೊಳ್ಳೆ ಅದಕ್ಕೆ ಜಗ್ಗದ ಹಾಗಾಗಿತ್ತು. ಅಲ್ಲಿ ಮಲೇರಿಯಾ ತರ್ತಿದ್ದದ್ದು ಅನಾಫಿಲಿಸ್ ಕ್ಯೂಲಿಸಿಫೇಸಿಸ್, ಅದು ಹುಟ್ಟುತ್ತಿದ್ದದ್ದು ಹೆಚ್ಚಾಗಿ ಬಾವಿಗಳಲ್ಲಿ. ಈಗ ರಾಷ್ಟ್ರೀಯ ಮಲೇರಿಯಾ ಸಂಶೋಧನಾ ಸಂಸ್ಥೆ ಅಂತೀವಲ್ಲ, ಅದರ ಬೆಂಗಳೂರು ಘಟಕದ ವಿಜ್ಞಾನಿಗಳು ಬಾವಿಗೆ ಗಪ್ಪಿ, ಕುಂಟೆ-ಕೊಳಗಳಿಗೆ ಗಂಬೂಸಿಯಾ ಬಿಡಿಸಿದ್ರು. ಸೊಳ್ಳೆ ಇಳೀತು, ಜ್ವರಾನೂ ಇಳೀತು. 2005ರಲ್ಲಿ ಅದನ್ನ ಪ್ರಕಟಿಸಿದ್ರು. ಆದ್ರೆ ಆ ಊರುಗಳಲ್ಲಿ ಬಾವಿಗಳನ್ನ ಎಣಿಸಬಹುದಾಗಿತ್ತು. ಎಣಿಸಿದ ಮೇಲೆ ಒಂದನ್ನೂ ಬಿಡದೆ ಮೀನು ಹಾಕಬಹುದಾಗಿತ್ತು. ಜನಕ್ಕೆ ಹೇಳೋಕೆ 2001ರ ಡಿಸೆಂಬರಿನಲ್ಲಿ ಎರಡು ವಾರ ಕಲಾಜಾಥಾ ಮಾಡಿದ್ರು. ಸಂಜೆ ಹೊತ್ತು ಊರ ನಡುವೆ ಆಟ, ಸುಮಾರು ಮೂವತ್ತು ಜನ ಅಲ್ಲಿಯ ಕಲಾವಿದರೇ. ಮೀನಿನ ಜೊತೆಗೆ ಊರೂ ಕೆಲಸ ಮಾಡ್ತು. ಈ ಲೇಔಟಿನಲ್ಲಿ ಎಷ್ಟು ನೀರಿದೆ ಎಣಿಸು ನೋಡೋಣ. ಪ್ರತಿ ಮನೆಗೆ ಒಂದು ಸಂಪು, ಮಾಳಿಗೆ ಮೇಲೆ ಟ್ಯಾಂಕು, ಕಾವೇರಿ ನೀರು ಬರದ ದಿನಕ್ಕೆ ಅಂತ ಡ್ರಮ್ಮು. ಹೂಕುಂಡದ ತಟ್ಟೆಗೆ ಗಪ್ಪಿ ಬಿಡ್ತೀಯಾ?

ಮನೆಯಾಕೆ: ತಟ್ಟೆಗೆ ಬಿಡೋಕಾಗಲ್ಲ. ಸಂಪಿಗೆ ಬಿಡಬಹುದು, ಬಿಟ್ಟಿದೀನಿ. ಇದೊಂದೇ ಸಾಕು ಅಂತ ನಾನ್ಯಾವತ್ತೂ ಹೇಳಿಲ್ಲ. ಆದ್ರೆ ನೀವು ಕೋಲಾರದ ಫಲಿತಾಂಶ ಹೇಳುವಾಗ ಮುಖ ಅರಳತ್ತೆ, ಕೊನೆಗೆ ಬಂದು ಅನುಮಾನ ಪಡ್ತೀರಿ.

ಹಿರಿಯರು: ಅನುಮಾನ ಇರೋದ್ರಿಂದಲೇ ಪಡ್ತೀನಿ. ಲೋಕದ ಉದ್ದಗಲಕ್ಕೂ ನಡೆದ ಇಂಥ ಅಧ್ಯಯನಗಳನ್ನೆಲ್ಲ ಜಾಲಾಡಿ ಕಾಕ್ರೇನ್ ಸಂಸ್ಥೆಯವರು 2013ರಲ್ಲಿ ಒಂದು ವಿಮರ್ಶೆ ಬರೆದ್ರು, 2017ರಲ್ಲಿ ಮತ್ತೆ ಪರಿಷ್ಕರಿಸಿದ್ರು. ಮೀನು ಮರಿಗಳನ್ನ ಕಮ್ಮಿ ಮಾಡಬಹುದು, ಆದ್ರೆ ಮನುಷ್ಯರಿಗೆ ಮಲೇರಿಯಾ ಬರೋದು ಅದರಿಂದ ಕಮ್ಮಿಯಾಗತ್ತೆ ಅನ್ನೋಕೆ ನಂಬೋವಂಥ ಪುರಾವೆ ಸಾಲದು ಅಂದ್ರು. ನಾನು ಕಣ್ಣಾರೆ ಕಂಡಿದ್ದು ಸುಳ್ಳಲ್ಲ. ಆದ್ರೆ ಆ ಹಳ್ಳಿಗಳಲ್ಲಿ ಜ್ವರ ಇಳಿದದ್ದರಲ್ಲಿ ಮೀನಿನ ಪಾಲು ಎಷ್ಟು, ಮನೆಮನೆ ತಿರುಗಿ ರಕ್ತಲೇಪನ ತೆಗೆದು ಮಾತ್ರೆ ನುಂಗಿಸಿದ್ದರ ಪಾಲು ಎಷ್ಟು, ಅದನ್ನ ಬಿಡಿಸಿ ಹೇಳೋದು ಕಷ್ಟ.

ಇಲ್ಲಿ ನನ್ನ ಮನಸ್ಸು ಹಿರಿಯರ ಕಡೆಗಿದೆ. ಕೈಯಾರೆ ಮಾಡಿದ ಕೆಲಸವನ್ನೇ ತೂಗಿ ನೋಡುವ ಈ ಗುಣ ಅಪರೂಪ, ಸರ್ಕಾರಿ ಕೆಲಸದಲ್ಲಿ ಇನ್ನೂ ಅಪರೂಪ. ಆದರೆ ಆಕೆ ಬಿಡುವವರಲ್ಲ.

ಮನೆಯಾಕೆ: ಹಾಗಾದ್ರೆ ಹೊಗೆಗೆ ಪುರಾವೆ ಇದೆಯಾ? ಡೆಂಗಿ ಅಂತ ಸುದ್ದಿ ಬಂದ ತಕ್ಷಣ ಪಾಲಿಕೆಯವರು ಫಾಗಿಂಗ್ ಮೆಷಿನ್ ಹೊತ್ತು ಬರ್ತಾರೆ, ಬೀದಿ ತುಂಬ ಡೀಸೆಲ್ ವಾಸನೆ. ಮಕ್ಕಳು ಕೆಮ್ಮುತ್ತಾ ಒಳಗೋಡ್ತಾರೆ. ನನ್ನ ಹೂವಿಗೆ ಬರೋ ಜೇನೂ ಅದರಲ್ಲೇ ಸಾಯತ್ತೆ.

ಹಿರಿಯರು: ಫಾಗಿಂಗ್ ಬಗ್ಗೆ ನನ್ನ ಹತ್ತಿರ ಜಗಳ ಆಡಬೇಡ. ಆ ಹೊತ್ತಿಗೆ ಗಾಳಿಯಲ್ಲಿ ಹಾರ್ತಿರೋ ಸೊಳ್ಳೆಗೆ ಮಾತ್ರ ಅದು. ನೀರಲ್ಲಿರೋ ಮರಿಗೆ ಏನೂ ಆಗಲ್ಲ, ನಾಳೆ ಅದೇ ಸೊಳ್ಳೆಯಾಗಿ ಏಳತ್ತೆ. ಜ್ವರ ಜೋರಾಗಿ ಹರಡ್ತಿರುವಾಗ ಸೋಂಕು ಹೊತ್ತಿರೋ ಸೊಳ್ಳೇನ ತಕ್ಷಣ ಹೊಡೀಬೇಕಾದ್ರೆ ಅದು ಬೇಕು. ದಿನದ ಉಪಾಯ ಅಲ್ಲ. ನಿಜವಾದ ಉಪಾಯ ಈ ಊರಲ್ಲೇ ಒಬ್ಬ ಕಂಡುಕೊಂಡಿದ್ದ.

ಮನೆಯಾಕೆ: ಯಾರು?

ಹಿರಿಯರು: ರೊನಾಲ್ಡ್ ರಾಸ್. 1897ರಲ್ಲಿ ಸಿಕಂದರಾಬಾದಿನಲ್ಲಿ ಮಲೇರಿಯಾದ ಗುಟ್ಟು ಒಡೆದದ್ದಕ್ಕೆ ನೊಬೆಲ್ ಬಂತು, ಅದನ್ನ ಎಲ್ಲರೂ ಓದಿರ್ತಾರೆ. ಅದಕ್ಕೂ ಮುಂಚೆ, 1883ರ ಸುಮಾರಿಗೆ, ಎಳೆಯ ಸೇನಾ ವೈದ್ಯನಾಗಿ ಬೆಂಗಳೂರಿನ ದಂಡಿನಲ್ಲಿದ್ದ. ಬೇರೆ ಬಂಗಲೆಗಳಿಗಿಂತ ತನ್ನ ಬಂಗಲೆಯಲ್ಲೇ ಯಾಕೆ ಇಷ್ಟು ಸೊಳ್ಳೆ ಅಂತ ಹುಡುಕಿದ್ರೆ, ಕಿಟಕಿಯ ಆಚೆ ಇಟ್ಟಿದ್ದ ನೀರಿನ ತೊಟ್ಟಿಯಲ್ಲಿ ಮರಿ ಮಿಜಿಗುಡ್ತಿದ್ವು. ತೊಟ್ಟಿ ಬೋರಲು ಹಾಕಿದ, ಸೊಳ್ಳೆ ಕಮ್ಮಿಯಾಯ್ತು. ಬೇರೆ ತೊಟ್ಟಿಗಳನ್ನೂ ಬೋರಲು ಹಾಕೋಣ ಅಂತ ಅಲ್ಲಿಯ ಅಧಿಕಾರಿಗೆ ಹೇಳಿದ್ರೆ, ಆತ ಒಪ್ಪಲಿಲ್ಲ. ಸೃಷ್ಟಿಯಲ್ಲಿ ಇರೋದನ್ನ ಕೆಡಿಸಬಾರದು ಅನ್ನೋದು ಆತನ ವಾದ. ನಿನ್ನ ಮಾತು ಕೇಳಿದಾಗ ನನಗೆ ಆ ಅಧಿಕಾರಿ ನೆನಪಾಗ್ತಾನೆ.

ಮನೆಯಾಕೆ: ಆತ ಸೊಳ್ಳೇನೂ ಇರಲಿ ಅಂದ. ನಾನು ಸೊಳ್ಳೇನ ತಿನ್ನೋರು ಇರಲಿ ಅಂತಿದೀನಿ. ರಾಸ್ ಬೋರಲು ಹಾಕಿದ್ದು ಬರೀ ತೊಟ್ಟಿ. ಅದರಲ್ಲಿ ಮೀನಿರಲಿಲ್ಲ.

ಹಿರಿಯರು: ಸರಿ, ನೋಡೇಬಿಡೋಣ. ಬಿಳಿ ಸೌಟು ಕೊಡು.

ಸಮೀಕ್ಷೆಯವರ ಡಿಪ್ಪರ್ ಎಂದರೆ ಉದ್ದ ಹಿಡಿಯ ಬಿಳಿ ಸೌಟೇ. ಬಿಳಿಯ ಮೇಲೆ ಮರಿ ಎದ್ದು ಕಾಣುತ್ತದೆ. ಹಿರಿಯರು ತಮ್ಮ ನೆರಳು ನೀರಿನ ಮೇಲೆ ಬೀಳದ ಹಾಗೆ ಸುತ್ತಿ ಬಂದು ಕುಕ್ಕರುಗಾಲಲ್ಲಿ ಕೂತರು. ನೆರಳು ಬಿದ್ದರೆ ಮರಿಗಳು ತಳಕ್ಕಿಳಿದುಬಿಡುತ್ತವೆ. ಸೌಟನ್ನು ಓರೆ ಮಾಡಿ ಚಪ್ಪಡಿಯ ಅಂಚಿನಲ್ಲಿ ಒಂದು ಸಲ, ನೈದಿಲೆ ಎಲೆಯ ಅಡಿಯಲ್ಲಿ ಒಂದು ಸಲ, ಪಾಚಿ ಕಟ್ಟಿದ ಮೂಲೆಯಲ್ಲಿ ಇನ್ನೆರಡು ಸಲ ಅದ್ದಿ ತೆಗೆದರು. ಪ್ರತಿ ಸಲವೂ ನೀರು ತಿಳಿಯಾಗುವ ತನಕ ಕಾದರು. ಒಂದರಲ್ಲಿ ಕಣ್ಣು ಮಾತ್ರ ಕಾಣುವಷ್ಟು ಸಣ್ಣ ಗಪ್ಪಿ ಮರಿ. ಇನ್ನೊಂದರಲ್ಲಿ ಮಣ್ಣಿನ ಬಣ್ಣದ, ಗಿಡ್ಡ ಕಾಲಿನ ಒಂದು ಹುಳ.

ಮನೆಯಾಕೆ: ಅದೇ ಏರೋಪ್ಲೇನ್ ಚಿಟ್ಟೆಯ ಮರಿ. ಮಡಿಸಿಟ್ಟುಕೊಂಡ ಕೆಳತುಟಿ ಇದೆಯಲ್ಲ, ಅದನ್ನ ಚಾಚಿ ಹಿಡಿಯತ್ತೆ. ಸೊಳ್ಳೆ ಮರಿ ಸಿಕ್ತಾ?

ಹಿರಿಯರು: ಇಲ್ಲ. ಇಲ್ಲಿ ಇಲ್ಲ.

‘ಇಲ್ಲಿ’ ಎನ್ನುವಾಗಲೇ ಅವರ ಕಣ್ಣು ಬೇರೆ ಕಡೆಗಿತ್ತು. ಕೊಳದಿಂದ ಎರಡು ಹೆಜ್ಜೆ ದೂರ, ಕರಿಬೇವಿನ ಗಿಡದ ಬುಡದಲ್ಲಿ, ಮಿಕ್ಸಿ ಬಂದ ಮೇಲೆ ಯಾರೂ ಮುಟ್ಟದ ಒರಳುಕಲ್ಲು. ಅದರ ಗುಳಿಯಲ್ಲಿ ಹೋದ ವಾರದ ಮಳೆನೀರು, ಮೇಲೆ ಎರಡು ಒಣಗಿದ ಎಲೆ. ಹಿರಿಯರು ಎಲೆ ಸರಿಸಿದರು. ತಲೆ ಕೆಳಗೆ ಮಾಡಿ ಮೇಲ್ಮೈಗೆ ಜೋತುಬಿದ್ದಿದ್ದ ಮರಿಗಳು ಒಮ್ಮೆಲೇ ಹಾವಿನಂತೆ ಬಳುಕುತ್ತಾ ತಳಕ್ಕಿಳಿದವು.

ಹಿರಿಯರು: ಈಡಿಸ್. ಉಸಿರುಕೊಳವೆ ಗಿಡ್ಡ ಇದೆ ನೋಡು. ಅನಾಫಿಲಿಸ್ ಆಗಿದ್ರೆ ನೀರಿನ ಮೇಲೆ ಅಡ್ಡಡ್ಡ ಮಲಗಿರ್ತಿತ್ತು. ಇನ್ನೆರಡು ಮೂರು ದಿನ ಬಿಟ್ಟಿದ್ರೆ ಇವೆಲ್ಲ ನಿನ್ನ ಮನೆ ಒಳಗಿರ್ತಿದ್ವು. ಕಚ್ಚೋದೂ ಹಗಲು ಹೊತ್ತು, ಮಗು ಹೋಮ್‌ವರ್ಕ್ ಮಾಡ್ತಾ ಕೂತಿರುವಾಗ.

ಆಕೆ ಮಾತಾಡದೆ ಒರಳಿನ ನೀರನ್ನು ಚೊಂಬಿನಿಂದ ತೋಡಿ ತೋಡಿ ಕೊಳಕ್ಕೆ ಸುರಿದರು. ಗಪ್ಪಿಗಳು ನುಗ್ಗಿ ಬಂದವು. ಐದು ನಿಮಿಷ ಕಳೆಯುವಷ್ಟರಲ್ಲಿ ಒಂದು ಮರಿಯೂ ಕಾಣಲಿಲ್ಲ.

ಮನೆಯಾಕೆ: ನೋಡಿದ್ರಾ? ನಾಲ್ಕು ವರ್ಷದ ಕೊಳದಲ್ಲಿ ಒಂದೂ ಇಲ್ಲ, ಒಂದು ವಾರದ ಒರಳಲ್ಲಿ ತುಂಬಿ ತುಳುಕ್ತಿದೆ. ಜೀವ ಇರೋ ನೀರಿಗೂ ಜೀವ ಇಲ್ಲದ ನೀರಿಗೂ ಇರೋ ವ್ಯತ್ಯಾಸ ಇದೇ ಅಲ್ವಾ?

ಹಿರಿಯರು: ನನಗೆ ಕಂಡದ್ದು ಬೇರೆ. ಮೀನು ಒರಳುಕಲ್ಲಿಗೆ ನಡೆದುಕೊಂಡು ಹೋಗಲಿಲ್ಲ, ನೀನು ಮರೀನ ತಂದು ಅದರ ಬಾಯಿಗೆ ಹಾಕಿದೆ. ಕೊಳ ಇದೆ, ಮೀನಿದೆ ಅನ್ನೋ ಧೈರ್ಯದಲ್ಲಿ ಪಕ್ಕದ ಒರಳು ನಿನ್ನ ಕಣ್ಣಿಗೆ ಬಿದ್ದಿರಲಿಲ್ಲ. ನನಗೆ ಭಯ ಇರೋದು ಈ ಧೈರ್ಯದ ಬಗ್ಗೆ. ಮತ್ತೆ ನೀರು ಚೆಲ್ಲಿದ್ರೆ ಮುಗೀಲಿಲ್ಲ. ಈಡಿಸ್ ಮೊಟ್ಟೆ ಇಡೋದು ನೀರಿನ ಅಂಚಿನ ಮೇಲೆ, ಕಲ್ಲಿಗೆ ಅಂಟಿಸಿ. ಒಣಗಿದ್ರೂ ತಿಂಗಳುಗಟ್ಟಲೆ ಜೀವ ಹಿಡಿದಿರತ್ತೆ. ತೆಂಗಿನ ನಾರು ಹಾಕಿ ಉಜ್ಜಬೇಕು, ಆಮೇಲೆ ಬೋರಲು ಹಾಕಬೇಕು. ನಿಮ್ಮನೆ ಡ್ರಮ್ಮಿಗೂ ಅಷ್ಟೇ, ವಾರಕ್ಕೊಂದು ದಿನ.

ಮನೆಯಾಕೆ: ಉಜ್ಜುತೀನಿ. ಆದ್ರೆ ಅದು ಒರಳಿನ ಮೇಲಿನ ದೂರು, ಕೊಳದ ಮೇಲಿನದಲ್ಲ.

ಹಿರಿಯರು: ಕೊಳದ ಮೇಲೂ ಇದೆ. 2024ರ ಮಾರ್ಚಿನಲ್ಲಿ ಏನು ಮಾಡಿದೆ? ಊರಲ್ಲಿ ಕುಡಿಯೋಕೆ ನೀರಿರಲಿಲ್ಲ. ಕಾವೇರಿ ನೀರಲ್ಲಿ ಗಿಡಕ್ಕೆ ಹಾಕಿದ್ರೆ, ಕಾರು ತೊಳೆದ್ರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತ್ತು.

ಮನೆಯಾಕೆ: ಕಾವೇರಿ ನೀರು ಒಂದು ಚೊಂಬೂ ಹಾಕಿಲ್ಲ. ಇದಕ್ಕೆ ಮಾಳಿಗೆಯ ಮಳೆನೀರು. ಆ ಬೇಸಿಗೆಯಲ್ಲಿ ನೀರು ಮೊಳಕಾಲಿಗಿಂತ ಕೆಳಗೆ ಹೋಗಿತ್ತು, ಅಕ್ಕಿ, ತರಕಾರಿ ತೊಳೆದ ನೀರನ್ನ ಗಿಡಕ್ಕೆ ಹಾಕಿ, ಕೊಳಕ್ಕೆ ಅಂತ ತೆಗೆದಿಟ್ಟ ಮಳೆನೀರನ್ನ ಉಳಿಸಿಕೊಂಡೆ.

ಹಿರಿಯರು: ಸರಿ. ಮೀನಿನ ವಿಷಯಕ್ಕೆ ಬಾ. ಗಪ್ಪಿ ಮೊಟ್ಟೆ ಇಡಲ್ಲ, ತಿಂಗಳಿಗೊಂದು ಸಲ ಮರಿ ಹಾಕತ್ತೆ. ಕೊಳ ತುಂಬಿ ಹೋಗ್ತಿದೆ. ಜೋರು ಮಳೆಯಲ್ಲಿ ಉಕ್ಕಿ ಹರಿದ್ರೆ ಎಲ್ಲಿಗೆ ಹೋಗ್ತಾವೆ? ಮೋರಿಗೆ, ಅಲ್ಲಿಂದ ರಾಜಕಾಲುವೆಗೆ, ಅಲ್ಲಿಂದ ವೃಷಭಾವತಿ, ಅರ್ಕಾವತಿ, ಕಾವೇರಿ. ದಕ್ಷಿಣ ಅಮೆರಿಕದ ಮೀನು ಅದು. ನಮ್ಮ ಮೀನುಗಳ ಜಾಗದಲ್ಲಿ ಹೋಗಿ ಕೂತುಕೊಳ್ಳತ್ತೆ.

ಮನೆಯಾಕೆ: ಅದನ್ನ ಶುರು ಮಾಡಿದ್ದು ನಾನಲ್ಲ. ಗಂಬೂಸಿಯಾನ 1928ರಲ್ಲೇ ಇಟಲಿಯಿಂದ ತರಿಸಿ ದೇಶದ ತುಂಬ ಬಿಟ್ಟಿದಾರೆ. ಅದು ಗೊದಮೊಟ್ಟೆಯ ಬಾಲ ಕಚ್ಚಿ ಸಾಯಿಸತ್ತೆ ಅಂತ ಓದಿದ ಮೇಲೆ ನಾನು ಮುಟ್ಟಲಿಲ್ಲ. ಗಪ್ಪಿ ಬಗ್ಗೆ ನೀವು ಹೇಳಿದ್ದು ಮನಸ್ಸಿಗೆ ಹತ್ತಿದೆ. ಉಕ್ಕೋ ಕಡೆ ಸಣ್ಣ ಕಣ್ಣಿನ ಜಾಲರಿ ಕಟ್ಟಿದೀನಿ. ನಮ್ಮ ಕೆರೆಗಳಲ್ಲೇ ಒಂದು ಸಣ್ಣ ಮೀನಿದೆಯಲ್ಲ, ನೆತ್ತಿಯ ಮೇಲೆ ಬೆಳ್ಳಿ ಚುಕ್ಕೆ ಹೊಳೆಯತ್ತೆ, ನೀರಿನ ಮೇಲ್ಮೈಯಲ್ಲೇ ತಿರುಗತ್ತೆ. ಅದು ಸಿಕ್ಕಿದ್ರೆ ಗಪ್ಪೀನ ತೆಗೆದುಬಿಡ್ತೀನಿ.

ಹಿರಿಯರು: ಅಪ್ಲೋಕೀಲಸ್. ಒಳ್ಳೇ ಮೀನು. ಎಗರಿ ಆಚೆ ಬೀಳತ್ತೆ, ಹುಷಾರು. ಇನ್ನೊಂದು. ಈ ಮಜ್ಜಿಗೆ ಹುಲ್ಲು, ಚೆಂಡುಹೂವು, ತುಳಸಿ ಸುತ್ತ ನೆಟ್ಟಿದೀಯಲ್ಲ, ಸೊಳ್ಳೆ ಓಡಿಸೋಕಾ?

ಮನೆಯಾಕೆ: ನೋಡೋಕೆ ಚೆನ್ನಾಗಿದೆ ಅಂತ ನೆಟ್ಟೆ. ಎಣ್ಣೆ ತೆಗೆದು ಮೈಗೆ ಹಚ್ಚಿಕೊಂಡ್ರೆ ಸ್ವಲ್ಪ ಹೊತ್ತು ಉಪಯೋಗ ಇರಬಹುದು, ಕುಂಡದಲ್ಲಿ ನಿಂತ ಗಿಡಕ್ಕೆ ಸೊಳ್ಳೆ ಹೆದರಲ್ಲ.

ಹಿರಿಯರು: ಅಷ್ಟು ಗೊತ್ತಿದ್ರೆ ಸಾಕು. ಈಗ ನನ್ನ ಕೊನೆ ಮಾತು. ರಾತ್ರಿ ಕಿವಿ ಹತ್ತಿರ ಗುಂಯ್ ಅನ್ನೋದೆಲ್ಲ ರಾಜಕಾಲುವೆಯ ಕ್ಯೂಲೆಕ್ಸು. 2017ರ ಅಕ್ಟೋಬರಿನಲ್ಲಿ ಇದೇ ಕುರುಬರಹಳ್ಳಿಯಲ್ಲಿ ಆ ಕಾಲುವೆ ಉಕ್ಕಿ ಜನ ಕೊಚ್ಚಿಹೋದ್ರು. ಅದಕ್ಕೆ ಬೀಳೋ ಕೊಳಚೆ ನಿಲ್ಲಿಸದೆ ನೀನು ಹಿತ್ತಿಲಲ್ಲಿ ಎಷ್ಟು ಮೀನು ಸಾಕಿದ್ರೂ ಈ ಬೀದಿಯ ಸೊಳ್ಳೆ ಕಮ್ಮಿಯಾಗಲ್ಲ.

ಮನೆಯಾಕೆ: ಕಾಲುವೆ ಸರಿ ಮಾಡೋದು ಪಾಲಿಕೆ ಕೆಲಸ. ನನ್ನ ಕೈಗೆ ಎಟುಕೋದು ಈ ಮೂವತ್ತೆರಡು ಚದರಡಿ. ಇದನ್ನ ಮುಚ್ಚಿದ್ರೆ ಕಾಲುವೆಯೇನೂ ಸ್ವಚ್ಛ ಆಗಲ್ಲ. ಆದ್ರೆ ಕಪ್ಪೆ, ಚಿಟ್ಟೆ, ಮಿಂಚುಳ್ಳಿ ಬರೋಕೆ ಈ ಬೀದಿಯಲ್ಲಿ ಬೇರೆ ಜಾಗವೇ ಇಲ್ಲ. ನಮ್ಮ ಮಕ್ಕಳು ಗೊದಮೊಟ್ಟೆ ನೋಡಿದ್ದು ಇಲ್ಲಿ ಮಾತ್ರ.

ಹಿರಿಯರು: ಅದನ್ನ ಅಲ್ಲಗಳೆಯಲ್ಲ. ನಾನು ಕೇಳೋದು ಇಷ್ಟೇ. ದಸರಾ ರಜೆಗೆ ಎರಡು ವಾರ ತೀರ್ಥಹಳ್ಳಿಗೆ ಹೋಗ್ತೀರಿ. ಮೊಟ್ಟೆಯಿಂದ ಸೊಳ್ಳೆ ಆಗೋಕೆ ಬೇಕಾದ್ದು ಅದರಲ್ಲಿ ಅರ್ಧ. ಕೊಳದ ಮೇಲೆ ಸೊಳ್ಳೆ ಪರದೆ ಹಾಸಿ ಹೋಗು.

ಮನೆಯಾಕೆ: ಪರದೆ ಹಾಕಿದ್ರೆ ಏರೋಪ್ಲೇನ್ ಚಿಟ್ಟೆ ಮೊಟ್ಟೆ ಇಡೋದು ಹೇಗೆ? ಆಗ ಇದು ಕೊಳ ಅಲ್ಲ, ಮುಚ್ಚಳ ಇರೋ ಇನ್ನೊಂದು ಸಂಪು.

ಹಿರಿಯರು: ಹಾಗಾದ್ರೆ ಬಿಟಿಐ ಹಾಕ್ತೀನಿ. ಅದೂ ನಿಸರ್ಗದ್ದೇ, ಮಣ್ಣಲ್ಲಿರೋ ಬ್ಯಾಕ್ಟೀರಿಯಾ. 1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯ ಒಂದು ಹೊಂಡದಲ್ಲಿ ಸಿಕ್ಕಿದ್ದು. ನಮ್ಮ ಪುದುಚೇರಿಯ ಸಂಶೋಧನಾ ಕೇಂದ್ರದವರೂ ಅದರ ಒಂದು ತಳಿ ಬೆಳೆಸಿದಾರೆ. ಸೊಳ್ಳೆ ಮರಿ ತಿಂದ್ರೆ ಅದರ ಕರುಳು ಒಡೆಯತ್ತೆ. ಮೀನಿಗೆ, ಕಪ್ಪೆಗೆ ಏನೂ ಆಗಲ್ಲ.

ಮನೆಯಾಕೆ: ಮೀನಿಗೆ ಆಗಲ್ಲ, ಒಪ್ಪಿದೆ. ಆದ್ರೆ ಕೆಸರಲ್ಲಿರೋ ಸಣ್ಣ ನೊಣದ ಮರಿಗಳೂ ಅದಕ್ಕೆ ಸಾಯ್ತಾವೆ. ಚಿಟ್ಟೆ ಮರಿಗೆ ಅದೇ ಊಟ. ಬೀಗದ ಕೈ ಕೊಟ್ಟು ಹೋಗ್ತೀನಿ, ವಾರಕ್ಕೊಂದು ಸಲ ಸೌಟು ಅದ್ದಿ ನೋಡಿ. ಪುಡಿ ಮಾತ್ರ ಹಾಕಬೇಡಿ.

ಹಿರಿಯರು: ಮರಿ ಕಂಡ್ರೆ ಹಾಕ್ತೀನಿ.

ಮನೆಯಾಕೆ: ಕಂಡ್ರೆ ಮೊದಲು ನನಗೆ ಫೋನ್ ಮಾಡಿ.

ಹಿರಿಯರು: ಹಾಕಿ ಆಮೇಲೆ ಮಾಡ್ತೀನಿ. ಈಗ ಆ ತೆಂಗಿನ ನಾರು ಎಲ್ಲಿಟ್ಟಿದೀಯ, ತಗೊಂಡು ಬಾ.